ಒಂದು ರೈಲು, ಐದು ಬಸ್ಸು, ಒಂದು ಜಲಪಾತ

ಮಂಡ್ಯ, ಮದ್ದೂರು, ಮಳವಳ್ಳಿ. ಮೂರೂ ‘ಮ’ಕಾರದಿಂದ ಆರಂಭವಾಗುವ ತಾಲ್ಲೂಕು ಕೇಂದ್ರಗಳು. ನಕ್ಷೆಯ ಮೇಲೆ ಈ ಮೂರು ಚುಕ್ಕೆಗಳನ್ನು ಗೆರೆ ಎಳೆದು ಸೇರಿಸಿದರೆ ಒಂದು ಪುಟ್ಟ ತ್ರಿಕೋನ ಸಿಗುತ್ತದೆ. ಅದರ ಯಾವ ಬಾಹುವೂ ನಲವತ್ತು ಕಿಲೋಮೀಟರ್ ದಾಟದು. ಸ್ವಂತ ಕಾರಿದ್ದವರು ಬೆಳಗಿನ ತಿಂಡಿ ಮುಗಿಸಿ ಹೊರಟು, ಈ ತ್ರಿಕೋನವನ್ನು ಸುತ್ತಿ, ಮಳವಳ್ಳಿಯಿಂದಾಚೆ ಇರುವ ಶಿವನಸಮುದ್ರದ ಜಲಪಾತವನ್ನೂ ನೋಡಿಕೊಂಡು ಸಂಜೆ ಕಾಫಿಯ ಹೊತ್ತಿಗೆ ಮನೆ ಸೇರಬಹುದು. ಆದರೆ ನಾನು ಪಾಠ ಹೇಳುವ ಮಕ್ಕಳ ಮನೆಯ ಮುಂದೆ ಕಾರು ನಿಂತಿರುವುದಿಲ್ಲ. ಅವರು ಎಲ್ಲಿಗಾದರೂ ಹೋಗಬೇಕೆಂದರೆ ಬಸ್ಸು, ಇಲ್ಲವೇ ರೈಲು. ಅಂಥವರಿಗೆ ಈ ತ್ರಿಕೋನ ಎಷ್ಟು ದೊಡ್ಡದು? ಅದನ್ನು ಅಳೆಯಲು ಕಿಲೋಮೀಟರಿನ ಕಲ್ಲು ಸಾಲದು, ಗಡಿಯಾರ ಬೇಕು.

ಕಾವೇರಿ ನೀರು ಕುಡಿದು, ಕಾವೇರಿ ನೀರಿನಲ್ಲಿ ಬೆಳೆದ ಅನ್ನ ಉಂಡು, ಪರೀಕ್ಷೆಯಲ್ಲಿ ಜಲವಿದ್ಯುತ್ತಿನ ಬಗ್ಗೆ ಉತ್ತರ ಬರೆದು ಪೂರ್ತಿ ಅಂಕ ಗಿಟ್ಟಿಸುವ ನಮ್ಮ ಮಕ್ಕಳಲ್ಲಿ ಎಷ್ಟೋ ಮಂದಿ ಶಿವನಸಮುದ್ರವನ್ನು ಕಣ್ಣಾರೆ ಕಂಡಿಲ್ಲ. ‘ಗಗನಚುಕ್ಕಿ ನೋಡಿದವರು ಕೈ ಎತ್ತಿ’ ಎಂದು ಹತ್ತನೆಯ ತರಗತಿಯಲ್ಲಿ ಕೇಳಿದೆ. ಎದ್ದ ಕೈಗಳು ಆರೋ ಏಳೋ. ಮೊಬೈಲಿನಲ್ಲಿ ನೋಡಿದವರು ಮಾತ್ರ ಇಡೀ ತರಗತಿ!

ಹೀಗೆ ಹುಟ್ಟಿಕೊಂಡಿತು ನಮ್ಮ ಒಂದು ದಿನದ ಸವಾರಿ. 2024ರ ಆಗಸ್ಟ್ ತಿಂಗಳ ಒಂದು ಭಾನುವಾರ. ಹಿಂದಿನ ವರ್ಷ ಬರ ಬಿದ್ದು ಕನ್ನಂಬಾಡಿ ಕಟ್ಟೆ ತುಂಬಿರಲಿಲ್ಲ. ಆ ವರ್ಷ ತುಂಬಿ ಹರಿದಿತ್ತು. ಜಲಪಾತ ನೋಡಲು ಅದಕ್ಕಿಂತ ಒಳ್ಳೆಯ ಕಾಲವಿಲ್ಲ. ನಾಲ್ವರು ಹುಡುಗರು, ಮೂವರು ಹುಡುಗಿಯರು, ನಮ್ಮ ಕನ್ನಡ ಶಿಕ್ಷಕಿ ಮತ್ತು ನಾನು. ಒಟ್ಟು ಒಂಬತ್ತು ಜನ. ಮಂಡ್ಯದಿಂದ ಮದ್ದೂರಿಗೆ ರೈಲು, ಮದ್ದೂರಿನಿಂದ ಮಳವಳ್ಳಿಗೆ ಬಸ್ಸು, ಅಲ್ಲಿಂದ ಜಲಪಾತಕ್ಕೆ ಇನ್ನೊಂದು ಬಸ್ಸು, ಸಂಜೆ ಮಳವಳ್ಳಿಯಿಂದ ನೇರ ಮಂಡ್ಯಕ್ಕೆ. ಕಾಗದದ ಮೇಲೆ ಎಲ್ಲವೂ ಅಚ್ಚುಕಟ್ಟು. ಹನ್ನೊಂದೂವರೆಯೊಳಗೆ ನಾವು ಗಗನಚುಕ್ಕಿಯ ಎದುರು ನಿಂತಿರಬೇಕು.

ಅಜ್ಜಿಯ ಕರಾರು

ಮೂವರು ಹುಡುಗಿಯರಲ್ಲಿ ಒಬ್ಬಳು ಮಂಡ್ಯಕ್ಕೆ ಸಮೀಪದ ಹಳ್ಳಿಯವಳು. ಅಪ್ಪ-ಅಮ್ಮ ಜೊತೆಯಲ್ಲಿಲ್ಲದೆ ಅವಳು ಒಂದಿಡೀ ದಿನ ಹೊರಗೆ ಹೋಗುವುದು ಅದೇ ಮೊದಲು. ಕನ್ನಡ ಮೇಡಂ ಜೊತೆಗಿರುತ್ತಾರೆ ಎಂದ ಮೇಲೂ ಮನೆಯಲ್ಲಿ ಮೂರು ದಿನ ಮಾತುಕತೆ ನಡೆಯಿತಂತೆ. ಕೊನೆಗೆ ಒಪ್ಪಿಗೆ ಪತ್ರ ತಂದುಕೊಟ್ಟ ಅವಳ ತಂದೆ ಹೇಳಿದ್ದು ಒಂದೇ ಮಾತು: ‘ಏಳೂವರೆಗೆ ಮಂಡ್ಯದಿಂದ ನಮ್ಮೂರಿಗೆ ಕೊನೇ ಬಸ್ಸು ಸಾರ್. ಅದಕ್ಕೆ ಮಗಳು ಹತ್ತಿದ್ರೆ ಸರಿ. ತಪ್ಪುದ್ರೆ ನಮ್ಮವ್ವ ಮುಂದ್ಕೆ ಇವಳನ್ನೂ ಕಳ್ಸಲ್ಲ, ಇವಳ ತಂಗೀನೂ ಕಳ್ಸಲ್ಲ.’

ಹೀಗಾಗಿ ನಮ್ಮ ಆ ದಿನದ ಪ್ರವಾಸಕ್ಕೆ ಎರಡು ಗುರಿಗಳಿದ್ದವು. ಒಂದು ಕಾವೇರಿಯ ಜಲಪಾತ. ಇನ್ನೊಂದು ಏಳೂವರೆಯ ಬಸ್ಸು.

ಆ ಹುಡುಗಿಗೆ ನಾನು ಒಂದು ಕೆಲಸ ವಹಿಸಿದ್ದೆ. ಪುಟ್ಟ ನೋಟುಪುಸ್ತಕದಲ್ಲಿ ಎರಡು ಕಾಲಂ ಹಾಕಿ, ಒಂದರಲ್ಲಿ ನಾವು ಅಂದುಕೊಂಡ ವೇಳೆ, ಇನ್ನೊಂದರಲ್ಲಿ ನಿಜವಾದ ವೇಳೆ ಬರೆಯುತ್ತಾ ಹೋಗಬೇಕು. ಪ್ರಯೋಗಶಾಲೆಯಲ್ಲಿ ಲೆಕ್ಕ ಹಾಕಿದ ಬೆಲೆ, ಅಳೆದ ಬೆಲೆ ಎಂದು ಬರೆಯುವುದಿಲ್ಲವೇ, ಹಾಗೆ. ಮೊದಲ ಸಾಲೇ ಅವಳಿಗೆ ಕೈತುಂಬ ಕೆಲಸ ಕೊಟ್ಟಿತು. ಏಳೂವರೆಗೆ ಹೊರಡಬೇಕಿದ್ದ ರೈಲು ಎಂಟೂ ಇಪ್ಪತ್ತೈದಕ್ಕೆ ಹೊರಟಿತು!

ರೈಲಿನ ಅವಸರ, ವಡೆಯ ಜನನ

ಮದ್ದೂರಿನಲ್ಲಿ ಇಳಿದಾಗ ಎಂಟೂ ಐವತ್ತು. ಮಳವಳ್ಳಿಯ ಬಸ್ಸು ಅದಾಗಲೇ ಹೋಗಿ ಆಗಿತ್ತು. ಹೊಟ್ಟೆ ತಾಳ ಹಾಕುತ್ತಿತ್ತು. ಮದ್ದೂರಿನಲ್ಲಿ ಹಸಿದವರು ಏನು ಮಾಡಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಮದ್ದೂರು ವಡೆಯ ಹುಟ್ಟಿನ ಬಗ್ಗೆ ರೂಢಿಯಲ್ಲಿರುವ ಕಥೆ ನಮ್ಮ ಅಂದಿನ ಪಾಡಿಗೆ ಬಹಳ ಹೊಂದುತ್ತದೆ. 1917ರಲ್ಲಿ ಇಲ್ಲಿನ ರೈಲು ನಿಲ್ದಾಣದ ಉಪಾಹಾರ ಗೃಹದಲ್ಲಿ ರಾಮಚಂದ್ರ ಬುಧ್ಯ ಎಂಬುವರು ಪ್ರಯಾಣಿಕರಿಗೆ ಪಕೋಡಾ ಮಾಡಿಕೊಡುತ್ತಿದ್ದರಂತೆ. ಒಂದು ದಿನ ಪಕೋಡಾ ಬೇಯಿಸುವಷ್ಟು ವ್ಯವಧಾನವಿರಲಿಲ್ಲ. ರೈಲು ಬಂದೇಬಿಡುವುದರಲ್ಲಿತ್ತು. ಇದ್ದ ಹಿಟ್ಟನ್ನೇ ಅಂಗೈಯಲ್ಲಿ ಚಪ್ಪಟೆಯಾಗಿ ತಟ್ಟಿ ಎಣ್ಣೆಗೆ ಬಿಟ್ಟರು. ಅದೇ ಮದ್ದೂರು ವಡೆಯಾಯಿತು! ಅಂದರೆ ರೈಲಿನ ವೇಳೆಯ ಏರುಪೇರಿಗೂ ಈ ಊರಿನ ಕೀರ್ತಿಗೂ ಹಳೆಯ ನಂಟು.

‘ತಟ್ಟಿದರೆ ಬೇಗ ಬೇಯುವುದೇಕೆ?’ ಎಂದು ಕೇಳಿದೆ. ವಿಜ್ಞಾನದ ಮೇಷ್ಟ್ರ ಜೊತೆ ಬಂದ ತಪ್ಪಿಗೆ ಮಕ್ಕಳು ವಡೆಯನ್ನೂ ನೆಮ್ಮದಿಯಾಗಿ ತಿನ್ನುವಂತಿಲ್ಲ. ನಾಲ್ಕು ಸೆಂಟಿಮೀಟರ್ ಅಡ್ಡಳತೆಯ ಉಂಡೆಯಲ್ಲಿ ಶಾಖ ನಡುವಿಗೆ ಮುಟ್ಟಲು ಎರಡು ಸೆಂಟಿಮೀಟರ್ ಒಳಗೆ ಸಾಗಬೇಕು. ಅದೇ ಹಿಟ್ಟನ್ನು ಒಂದು ಸೆಂಟಿಮೀಟರ್ ದಪ್ಪಕ್ಕೆ ತಟ್ಟಿದರೆ ಎರಡೂ ಕಡೆಯಿಂದ ಅರ್ಧ ಸೆಂಟಿಮೀಟರ್ ಸಾಗಿದರೆ ಸಾಕು. ಎಣ್ಣೆಗೆ ತಾಗುವ ಮೈಯೂ ಹೆಚ್ಚು. ಬೇಗ ಬೇಯುತ್ತದೆ, ಗರಿಗರಿಯೂ ಆಗುತ್ತದೆ. ‘ಹಾಗಾದ್ರೆ ಸಾರ್, ರೊಟ್ಟಿ ತಟ್ಟೋದೂ ಅದಕ್ಕೇನಾ?’ ಎಂದಳು ಒಬ್ಬಳು. ಅದಕ್ಕೇ!

ಮುಂದಿನ ಬಸ್ಸಿಗೆ ಇನ್ನೂ ಸಮಯವಿದ್ದುದರಿಂದ ಶಿವಪುರಕ್ಕೆ ಹೋದೆವು. ಮೊದಲ ಯೋಜನೆಯಲ್ಲಿ ಇದಕ್ಕೆ ಜಾಗವೇ ಇರಲಿಲ್ಲ. 1938ರ ಏಪ್ರಿಲ್‌ನಲ್ಲಿ ಮೈಸೂರು ಸಂಸ್ಥಾನದ ಕಾಂಗ್ರೆಸ್ಸಿನ ಮೊದಲ ಅಧಿವೇಶನ ನಡೆದದ್ದು ಇಲ್ಲಿ. ಅಧ್ಯಕ್ಷರು ಟಿ. ಸಿದ್ಧಲಿಂಗಯ್ಯ. ಬಾವುಟ ಹಾರಿಸಬಾರದೆಂಬ ಸರ್ಕಾರದ ನಿಷೇಧವನ್ನು ಮುರಿದು ಇಲ್ಲಿ ಧ್ವಜ ಏರಿಸಿದರು, ಬಂಧನಕ್ಕೊಳಗಾದರು. ಅದರ ಬೆನ್ನಿಗೇ, ಅದೇ ತಿಂಗಳ 25ರಂದು, ವಿದುರಾಶ್ವತ್ಥದಲ್ಲಿ ಧ್ವಜ ಹಿಡಿದು ಸೇರಿದ್ದ ಜನರ ಮೇಲೆ ಗೋಲಿಬಾರ್ ನಡೆಯಿತು. ಇಂದು ಶಿವಪುರದಲ್ಲಿ ಆ ನೆನಪಿಗೆ ಸತ್ಯಾಗ್ರಹ ಸೌಧವಿದೆ. ಇದನ್ನೆಲ್ಲ ಹೇಳುವ ಸರದಿ ಕನ್ನಡ ಮೇಡಮ್ಮದು. ಅವರು ಹೇಳಿದರೆ ಮಕ್ಕಳು ವಡೆಯನ್ನೂ ಮರೆತು ಕೇಳುತ್ತಾರೆ; ಆ ವಿದ್ಯೆ ನನಗೆ ಬಾರದು.

ಗಾಳಿಯಿಲ್ಲದ ಸ್ಟೆಪ್ನಿ

ಹತ್ತೂಕಾಲಕ್ಕೆ ಬಸ್ಸು ಸಿಕ್ಕಿತು. ಸೀಟು ಸಿಗಲಿಲ್ಲ. ಕೆ.ಎಂ. ದೊಡ್ಡಿ ದಾಟಿ ಸ್ವಲ್ಪ ದೂರ ಹೋಗಿರಬೇಕು, ಹಿಂದುಗಡೆ ‘ಢಬ್’ ಎಂಬ ಸದ್ದು. ಬಸ್ಸು ಒಂದು ಮಗ್ಗುಲಿಗೆ ವಾಲಿ ನಿಂತಿತು. ಎಲ್ಲರೂ ಇಳಿದೆವು. ಡ್ರೈವರ್ ಹೈಡ್ರಾಲಿಕ್ ಜಾಕ್ ತಂದು ಅಚ್ಚಿನ ಕೆಳಗಿಟ್ಟು ಸರಳನ್ನು ಮೇಲೆ ಕೆಳಗೆ ಆಡಿಸತೊಡಗಿದರು. ಟನ್ನುಗಟ್ಟಲೆ ತೂಕದ ಬಸ್ಸು ಒಬ್ಬ ಮನುಷ್ಯನ ತೋಳಿಗೆ ಮಣಿದು ಇಂಚು ಇಂಚಾಗಿ ಮೇಲೇಳುವುದನ್ನು ಮಕ್ಕಳು ಬಾಯಿ ತೆರೆದು ನೋಡಿದರು. ಪ್ಯಾಸ್ಕಲನ ನಿಯಮವನ್ನು ಕಪ್ಪು ಹಲಗೆಯ ಮೇಲೆ ಎಷ್ಟು ಸಲ ಬರೆದರೂ ಅಷ್ಟು ಚೆನ್ನಾಗಿ ಅರ್ಥ ಮಾಡಿಸಲು ಆಗುವುದಿಲ್ಲ. ಸಣ್ಣ ಪಿಸ್ಟನ್ನಿನ ಮೇಲೆ ಹಾಕಿದ ಒತ್ತಡವೇ ದೊಡ್ಡ ಪಿಸ್ಟನ್ನಿನ ಮೇಲೂ ಬೀಳುತ್ತದೆ. ಅದರ ವಿಸ್ತೀರ್ಣ ಎಷ್ಟು ಪಟ್ಟು ಹೆಚ್ಚೋ, ಎತ್ತುವ ಬಲವೂ ಅಷ್ಟು ಪಟ್ಟು ಹೆಚ್ಚು.

ಆದರೆ ಪ್ಯಾಸ್ಕಲ್ ಮಹಾಶಯನೂ ಬಗೆಹರಿಸಲಾರದ ಸಮಸ್ಯೆಯೊಂದಿತ್ತು. ಸ್ಟೆಪ್ನಿ ಚಕ್ರವನ್ನು ಇಳಿಸಿ ನೋಡಿದರೆ ಅದರಲ್ಲೂ ಗಾಳಿಯಿಲ್ಲ! ‘ಹಿಂದ್ಗಡೆ ಇನ್ನೊಂದು ಬಸ್ ಬತ್ತದೆ, ಅದಕ್ಕೆ ಹತ್ತುಸ್ತೀನಿ’ ಎಂದರು ಕಂಡಕ್ಟರ್. ಎಷ್ಟು ಹೊತ್ತಿಗೆ ಎಂದು ಒಬ್ಬ ಹಿರಿಯರು ಕೇಳಿದ್ದಕ್ಕೆ ಅವರ ಪಕ್ಕದಲ್ಲಿದ್ದ ಅಜ್ಜಿ ತಾನೇ ಉತ್ತರ ಕೊಟ್ಟಿತು: ‘ಬತ್ತದೆ ಕುಂತ್ಕಳಪ್ಪ. ಬರ್ದೆ ಎಲ್ಲೋದದು?’ ಬಸ್ಸಿಗಾಗಿ ಕಾಯುವ ಶಾಸ್ತ್ರದಲ್ಲಿ ಇದಕ್ಕಿಂತ ದೊಡ್ಡ ಸೂತ್ರವನ್ನು ನಾನು ಕೇಳಿಲ್ಲ.

ಬಸ್ಸು ಬಂದದ್ದು ಒಂದೂಕಾಲು ಗಂಟೆಯ ನಂತರ. ಅಷ್ಟರಲ್ಲಿ ನಮಗೊಂದು ಆಲೆಮನೆ ಸಿಕ್ಕಿತ್ತು.

ಕುದಿಯುವ ಕೊಪ್ಪರಿಗೆಯ ಬಳಿ

ರಸ್ತೆಯ ಎರಡೂ ಬದಿ ಆಳೆತ್ತರದ ಕಬ್ಬು. ಅದರ ಆಚೆ ಹೊಗೆ ಏಳುತ್ತಿತ್ತು. ಗಾಳಿಯಲ್ಲಿ ಬಿಸಿಬೆಲ್ಲದ ವಾಸನೆ. ಕನ್ನಡ ಮೇಡಂ ಮಕ್ಕಳೊಡನೆ ಮುಂದೆ ಹೋದರು. ಒಬ್ಬ ಹುಡುಗನನ್ನು ಬಸ್ಸು ಬಂದರೆ ಕೂಗಲೆಂದು ರಸ್ತೆಯಲ್ಲೇ ನಿಲ್ಲಿಸಿ ನಾನೂ ಹಿಂಬಾಲಿಸಿದೆ. ಅರ್ಧ ಗಂಟೆಯ ನಂತರ ಕಾವಲಿನ ಸರದಿ ಬದಲಾಯಿತು, ಅವನಿಗೂ ಅನ್ಯಾಯವಾಗಲಿಲ್ಲ.

ಮಂಡ್ಯದ ಮಕ್ಕಳಿಗೆ ಬೆಲ್ಲ ಹೊಸದಲ್ಲ. ಆದರೆ ಆಲೆಮನೆಯ ಮುಂದೆ ನಿಂತು ‘ಏಕೆ’ ಎಂದು ಕೇಳುವುದು ಹೊಸದು. ಗಾಣದಲ್ಲಿ ಹಿಂಡಿದ ರಸ ದೊಡ್ಡ ಕೊಪ್ಪರಿಗೆಗೆ ಬೀಳುತ್ತದೆ. ಒಲೆಗೆ ಹಿಂದಿನ ದಿನಗಳಲ್ಲಿ ಒಣಗಿಸಿದ ಕಬ್ಬಿನ ಸಿಪ್ಪೆಯೇ ಉರುವಲು. ರಸ ಕಾಯುತ್ತಿದ್ದಂತೆ ಅದಕ್ಕೆ ಸ್ವಲ್ಪ ಸುಣ್ಣದ ತಿಳಿ ಹಾಕುತ್ತಾರೆ. ಕಬ್ಬಿನ ರಸದಲ್ಲಿ ಸಹಜವಾಗಿಯೇ ಸ್ವಲ್ಪ ಆಮ್ಲವಿರುತ್ತದೆ. ಸುಣ್ಣ ಪ್ರತ್ಯಾಮ್ಲ. ಎರಡೂ ಸೇರಿ ತಟಸ್ಥವಾಗುತ್ತವೆ, ಕಶ್ಮಲಗಳು ಗಂಟುಕಟ್ಟಿ ಮಡ್ಡಿಯಾಗಿ ಮೇಲೆ ತೇಲುತ್ತವೆ, ಅದನ್ನು ಬಾಚಿ ತೆಗೆಯುತ್ತಾರೆ. ಆಮ್ಲ ಉಳಿದರೆ ಸಕ್ಕರೆಯ ಅಂಶ ಒಡೆದು ಬೆಲ್ಲ ಗಟ್ಟಿಯಾಗದೆ ಅಂಟಂಟಾಗುತ್ತದೆ. ಪುಸ್ತಕದ ತಟಸ್ಥೀಕರಣ ಕ್ರಿಯೆ ಇಲ್ಲಿ ಮಣಗಟ್ಟಲೆ ನಡೆಯುತ್ತಿದೆ!

ಇನ್ನೊಂದು ಪ್ರಶ್ನೆ ಹುಡುಗನಿಂದಲೇ ಬಂತು. ‘ಕುದಿಯೋ ನೀರಿಗಿಂತ ಕುದಿಯೋ ಪಾಕ ಬಿದ್ರೆ ಜಾಸ್ತಿ ಸುಡುತ್ತಲ್ಲ ಸಾರ್, ಯಾಕೆ?’ ನೀರು ನೂರು ಡಿಗ್ರಿಯಲ್ಲಿ ಕುದಿಯುತ್ತದೆ. ನೀರು ಆವಿಯಾಗಿ ಸಕ್ಕರೆಯ ಸಾಂದ್ರತೆ ಹೆಚ್ಚಿದಂತೆಲ್ಲ ಕುದಿಯುವ ಬಿಂದು ಮೇಲೇರುತ್ತದೆ. ಬೆಲ್ಲದ ಹದಕ್ಕೆ ಬರುವಾಗ ಪಾಕ 118 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಮೇಲಾಗಿ ಅದು ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಆಲೆಮನೆಯ ಯಜಮಾನರ ಕೈಯಲ್ಲಿ ಉಷ್ಣಮಾಪಕ ಇರಲಿಲ್ಲ. ಒಂದು ತೊಟ್ಟು ಪಾಕವನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉರುಟಿ ನೋಡಿ, ‘ಬಂತು’ ಎಂದರು. ಅಚ್ಚಿನ ಹಲಗೆಗೆ ಪಾಕ ಹರಿಯಿತು. ಹೊರಡುವಾಗ ಮಕ್ಕಳಿಗೆಲ್ಲ ಒಂದೊಂದು ಅಚ್ಚು ಬೆಲ್ಲವನ್ನು ಕೊಟ್ಟರು. ಹಣ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ.

ಆ ಕಬ್ಬಿನ ಗದ್ದೆಯ ಬದುವಿನಲ್ಲಿ ನಿಂತು ನಾನು ಮಕ್ಕಳಿಗೆ ಒಂದು ಮಾತು ಹೇಳಿದೆ: ನಾವಿನ್ನೂ ಜಲಪಾತ ತಲುಪಿಲ್ಲ ಎಂದು ಬೇಸರಪಡಬೇಡಿ, ಈ ಕಬ್ಬಿನಲ್ಲೂ ಆ ಜಲಪಾತವಿದೆ.

ಅದು ಹೇಗೆ? 1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ ಉತ್ಪಾದನೆ ಆರಂಭವಾಯಿತು. ಅದರ ಮೊದಲ ಗಿರಾಕಿ ಕೋಲಾರದ ಚಿನ್ನದ ಗಣಿಗಳು. ಆದರೆ ಮಳೆಗಾಲದಲ್ಲಿ ಉಕ್ಕುವ ಕಾವೇರಿ ಬೇಸಿಗೆಯಲ್ಲಿ ಸೊರಗುತ್ತಿತ್ತು. ನೀರು ಕಡಿಮೆಯಾದರೆ ವಿದ್ಯುತ್ತೂ ಕಡಿಮೆ. ಗಣಿಗಳಿಗೆ ವರ್ಷವಿಡೀ ಒಂದೇ ಸಮ ವಿದ್ಯುತ್ ಬೇಕು. ಹಾಗಾಗಿ ಮೇಲುಗಡೆ ನೀರನ್ನು ಹಿಡಿದಿಟ್ಟು ಹದವರಿತು ಬಿಡುವ ಅಣೆಕಟ್ಟು ಬೇಕಾಯಿತು. ವಿಶ್ವೇಶ್ವರಯ್ಯನವರು ಕನ್ನಂಬಾಡಿಯ ಕೆಲಸ ಆರಂಭಿಸಿದಾಗ ನೀರಾವರಿಯ ಜೊತೆಗೆ ಈ ವಿದ್ಯುತ್ತಿನ ಲೆಕ್ಕವೂ ಇತ್ತು. 1911ರಲ್ಲಿ ಶುರುವಾದ ಕಟ್ಟೆ ಪೂರ್ತಿಯಾಗಲು ಸುಮಾರು ಇಪ್ಪತ್ತು ವರ್ಷ ಹಿಡಿಯಿತು. ಅದರಿಂದ ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆ, ಮಂಡ್ಯ, ಮದ್ದೂರು, ಮಳವಳ್ಳಿಯ ಒಣಭೂಮಿಗೆ ಬಂತು. ನೀರು ಬಂದದ್ದರಿಂದ ಕಬ್ಬು ಬಂತು. ಕಬ್ಬು ಬಂದದ್ದರಿಂದ 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಬಂತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯೇ ಆಯಿತು. ಜಲಪಾತ, ಕಟ್ಟೆ, ನಾಲೆ, ಕಬ್ಬು, ಬೆಲ್ಲ ಎಲ್ಲವೂ ಒಂದೇ ಸರಪಳಿಯ ಕೊಂಡಿಗಳು. ಕಾರಿನಲ್ಲಿ ಹೋಗಿದ್ದರೆ ಈ ಕೊಂಡಿಯ ಮುಂದೆ ಎರಡು ನಿಮಿಷವೂ ನಿಲ್ಲುತ್ತಿರಲಿಲ್ಲ.

ಮಳವಳ್ಳಿಯ ಮಧ್ಯಾಹ್ನ

ಮಳವಳ್ಳಿ ತಲುಪಿದಾಗ ಹನ್ನೆರಡೂ ನಲವತ್ತು. ಈ ಊರಿಗೆ ಇಂದಿಗೂ ರೈಲಿಲ್ಲ. ಎಲ್ಲಕ್ಕೂ ಬಸ್ಸೇ ಗತಿ. ಜಲಪಾತದ ಬಳಿಗೇ ಹೋಗುವ ಒಂದು ಗಂಟೆಯ ಬಸ್ಸು ಅಂದು ಬರಲೇ ಇಲ್ಲ. ಒಬ್ಬರು ‘ಈಗ ಬರುತ್ತೆ’ ಎಂದರು, ಇನ್ನೊಬ್ಬರು ‘ಭಾನುವಾರ ಅನುಮಾನ’ ಎಂದರು. ಮೂರನೆಯವರು ನಮ್ಮನ್ನು ಅಡಿಯಿಂದ ಮುಡಿಯವರೆಗೆ ನೋಡಿ ‘ಒಂಬತ್ತು ಜನ ಇದೀರಲ್ಲ, ಒಂದು ಗಾಡಿ ಮಾಡ್ಕೊಂಡು ಬರಬಾರದಾಗಿತ್ತಾ?’ ಎಂದರು. ಊಟ ಮುಗಿಸಿದೆವು. 1799ರ ಮಾರ್ಚ್‌ನಲ್ಲಿ ಶ್ರೀರಂಗಪಟ್ಟಣದತ್ತ ನುಗ್ಗುತ್ತಿದ್ದ ಇಂಗ್ಲಿಷರ ಸೈನ್ಯವನ್ನು ಟಿಪ್ಪು ಸುಲ್ತಾನ್ ಎದುರಿಸಿದ್ದು ಇದೇ ಮಳವಳ್ಳಿಯ ಬಳಿ ಎಂಬುದನ್ನು ಮೇಡಂ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕುಳಿತೇ ಹೇಳಿ ಮುಗಿಸಿದರು.

ನಾನು ನನ್ನ ಪಾಲಿನ ಪಾಠ ಮಾಡಿದೆ. ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸಿದರೆ ಒಂದು ಸುಟ್ಟುಹೋದರೂ ಎಲ್ಲವೂ ಆರುತ್ತವೆ. ಸಮಾನಾಂತರವಾಗಿ ಜೋಡಿಸಿದರೆ ಒಂದು ಆರಿದರೂ ಉಳಿದವು ಉರಿಯುತ್ತವೆ. ನಮ್ಮ ಪ್ರಯಾಣ ಸರಣಿ ಜೋಡಣೆ. ಒಂದು ರೈಲು ತಡವಾದರೆ ಅದರ ಮುಂದಿನ ಬಸ್ಸುಗಳೆಲ್ಲ ತಪ್ಪುತ್ತವೆ. ಇದಕ್ಕೆ ಪರಿಹಾರವೆಂದರೆ ಸಮಾನಾಂತರ ದಾರಿ ಹುಡುಕುವುದು. ‘ಕೊಳ್ಳೇಗಾಲದ ಬಸ್ಸು ಆ ದಾರಿಯಲ್ಲೇ ಹೋಗುತ್ತಲ್ಲ ಸಾರ್?’ ಎಂದಳು ನೋಟುಪುಸ್ತಕದ ಹುಡುಗಿ. ಎರಡು ಗಂಟೆಗೆ ಕೊಳ್ಳೇಗಾಲದ ಬಸ್ಸು ಹತ್ತಿದೆವು. ಕ್ರಾಸಿನಲ್ಲಿ ಇಳಿದು, ಎರಡು ಆಟೋಗಳಲ್ಲಿ ಒತ್ತಿಕೊಂಡು ಕುಳಿತು, ಗಗನಚುಕ್ಕಿಯ ಎದುರು ನಿಂತಾಗ ಎರಡೂ ಐವತ್ತು.

ನೀರು ಬೀಳುವುದನ್ನು ನೋಡುವುದು

ಆಟೋದಿಂದ ಇಳಿಯುವಾಗಲೇ ಸದ್ದು ಕೇಳಿಸುತ್ತಿತ್ತು. ಮೆಟ್ಟಿಲಿಳಿದು ಕಟಕಟೆಯ ಬಳಿ ಬಂದವರೆಲ್ಲ ಮಾತು ನಿಲ್ಲಿಸಿದರು. ಮೊಬೈಲಿನಲ್ಲಿ ನೂರು ಸಲ ನೋಡಿದ್ದ ಹುಡುಗರೂ ಮೊಬೈಲು ತೆಗೆಯಲು ಕೆಲವು ನಿಮಿಷ ಮರೆತರು. ಪರದೆಯ ಮೇಲೆ ಗಾತ್ರ ಗೊತ್ತಾಗುವುದಿಲ್ಲ. ಎದೆಗೆ ಬಡಿಯುವ ಸದ್ದು, ಮುಖಕ್ಕೆ ಬಂದು ಕೂರುವ ತುಂತುರು ಗೊತ್ತಾಗುವುದಿಲ್ಲ.

ಶಿವನಸಮುದ್ರ ಒಂದು ದ್ವೀಪ. ಕಾವೇರಿ ಇಲ್ಲಿ ಎರಡು ಕವಲಾಗಿ ಅದನ್ನು ಬಳಸುತ್ತದೆ. ಪಶ್ಚಿಮದ ಕವಲು ಧುಮುಕುವುದು ಗಗನಚುಕ್ಕಿ, ಪೂರ್ವದ್ದು ಭರಚುಕ್ಕಿ. ಗಗನಚುಕ್ಕಿ ಮಳವಳ್ಳಿ ತಾಲ್ಲೂಕಿನ ಕಡೆಯಿಂದ ಕಂಡರೆ, ಭರಚುಕ್ಕಿಗೆ ಕೊಳ್ಳೇಗಾಲದ ಕಡೆಯಿಂದ ಹೋಗಬೇಕು. ಹಕ್ಕಿಗೆ ಒಂದರಿಂದ ಇನ್ನೊಂದಕ್ಕೆ ಹತ್ತಿರ, ಮನುಷ್ಯರಿಗೆ ರಸ್ತೆ ಸುತ್ತು.

ಕಟಕಟೆಗೆ ಒರಗಿಯೇ ಲೆಕ್ಕ ಮಾಡಿದೆವು. ಒಂದು ಘನಮೀಟರ್ ನೀರೆಂದರೆ ಸಾವಿರ ಕಿಲೋಗ್ರಾಂ. ಅದು ಪ್ರತಿ ಸೆಕೆಂಡಿಗೆ ನೂರು ಮೀಟರ್ ಕೆಳಗೆ ಬಿದ್ದರೆ ಸಿಗುವ ಶಕ್ತಿ 1000 × 9.8 × 100, ಅಂದರೆ 9,80,000 ಜೂಲ್. ಸುಮಾರು 980 ಕಿಲೋವಾಟ್! ಸಾವಿರ ವಾಟಿನ 980 ಇಸ್ತ್ರಿಪೆಟ್ಟಿಗೆಗಳನ್ನು ಒಟ್ಟಿಗೇ ಕಾಯಿಸಬಹುದು. ಯಂತ್ರಗಳಲ್ಲಿ ಒಂದಿಷ್ಟು ಸೋರಿಹೋಗುತ್ತದೆ, ಆ ಮಾತು ಬೇರೆ. ಯಂತ್ರವನ್ನು ತಿರುಗಿಸದೆ ಸುಮ್ಮನೆ ಬಂಡೆಗೆ ಬಡಿದ ನೀರಿನ ಶಕ್ತಿ ಎಲ್ಲಿ ಹೋಯಿತು? ಸದ್ದಾಗಿ ಅಲ್ಪಸ್ವಲ್ಪ, ಉಳಿದದ್ದು ಶಾಖವಾಗಿ. ನೂರು ಮೀಟರ್ ಬಿದ್ದ ನೀರು ಲೆಕ್ಕದ ಪ್ರಕಾರ ಕಾಲು ಡಿಗ್ರಿಗೂ ಸ್ವಲ್ಪ ಕಡಿಮೆ ಬೆಚ್ಚಗಾಗಬೇಕು. ತುಂತುರು ಗಾಳಿಯಲ್ಲಿ ಆವಿಯಾಗಿ ತಂಪಾಗುವುದರಿಂದ ಕೈಗೆ ಅದು ತಿಳಿಯುವುದಿಲ್ಲ, ಅಷ್ಟೆ.

ಇಲ್ಲಿನ ವಿದ್ಯುತ್ತನ್ನು 1902ರಲ್ಲಿ ಸುಮಾರು 147 ಕಿ.ಮೀ. ದೂರದ ಕೋಲಾರದ ಗಣಿಗಳಿಗೆ ತಂತಿಯಲ್ಲಿ ಕಳುಹಿಸಿದರು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ಬೆಂಗಳೂರಿನ ಬೀದಿಗೆ ಬೆಳಕು ಬಂದದ್ದು ಅದಕ್ಕೂ ನಂತರ, 1905ರಲ್ಲಿ. ಅಷ್ಟು ದೂರ ಸಾಗಿಸಲು ವೋಲ್ಟೇಜನ್ನು ಬಹಳ ಏರಿಸಬೇಕು. ವೋಲ್ಟೇಜು ಎರಡು ಪಟ್ಟಾದರೆ ಅಷ್ಟೇ ಶಕ್ತಿಗೆ ಬೇಕಾದ ಪ್ರವಾಹ ಅರ್ಧವಾಗುತ್ತದೆ, ತಂತಿಯಲ್ಲಿ ಶಾಖವಾಗಿ ಹಾಳಾಗುವುದು ನಾಲ್ಕನೇ ಒಂದು ಭಾಗವಾಗುತ್ತದೆ. ಒಂದು ಶತಮಾನದ ಹಿಂದೆ ವಿದ್ಯುತ್ತು ಇಲ್ಲಿಂದ ಕೋಲಾರಕ್ಕೆ ಕಣ್ಣು ಮಿಟುಕಿಸುವುದರೊಳಗೆ ಹೋಗುತ್ತಿತ್ತು. ನಾವು ಮಂಡ್ಯದಿಂದ ಇಲ್ಲಿಗೆ ಬರಲು ಏಳು ಗಂಟೆ ಇಪ್ಪತ್ತು ನಿಮಿಷ ಬೇಕಾಯಿತು!

ಭರಚುಕ್ಕಿಯೋ, ಕೊನೆಯ ಬಸ್ಸೋ

ಮೂರೂ ನಲವತ್ತಾಯಿತು. ಹುಡುಗರಿಗೆ ಭರಚುಕ್ಕಿಯನ್ನೂ ನೋಡುವ ಆಸೆ. ‘ಹೋಗಿ ಬರೋಣ ಸಾರ್, ಬೇಗ ಬಂದುಬಿಡೋಣ’ ಎಂದು ಎಲ್ಲರಿಗಿಂತ ಹೆಚ್ಚು ಹಟ ಹಿಡಿದವನು ಒಬ್ಬ. ಮಂಡ್ಯ ಪೇಟೆಯ ಹುಡುಗ. ರಾತ್ರಿ ಒಂಬತ್ತಾದರೂ ನಡೆದುಕೊಂಡೇ ಮನೆ ಸೇರುವವನು. ಹಳ್ಳಿಯ ಹುಡುಗಿ ಏನೂ ಹೇಳಲಿಲ್ಲ. ನೋಟುಪುಸ್ತಕ ಮುಚ್ಚಿ ಬ್ಯಾಗಿನಲ್ಲಿಟ್ಟಳು. ಅವಳಿಗೆ ಬೇಡವೆನ್ನಲು ಸಂಕೋಚ. ತನ್ನೊಬ್ಬಳಿಂದ ಎಂಟು ಜನರಿಗೆ ತಪ್ಪಿಹೋಯಿತು ಎನ್ನಿಸಿಕೊಳ್ಳುವ ಭಯ.

ನಾನು ಆಜ್ಞೆ ಮಾಡಬಹುದಿತ್ತು. ಬದಲಿಗೆ ಆ ನೋಟುಪುಸ್ತಕವನ್ನು ಪಡೆದು ಹಟ ಹಿಡಿದವನ ಕೈಗೇ ಕೊಟ್ಟೆ. ‘ನೀನೇ ಲೆಕ್ಕ ಹಾಕು’ ಎಂದೆ. ಅವನು ಬಂಡೆಯ ಮೇಲೆ ಕುಳಿತು ಕೂಡಿ ಕಳೆದ. ಬೆಳಗಿನಿಂದ ನಾಲ್ಕು ಹಂತ. ರೈಲು, ಮದ್ದೂರು, ಪಂಕ್ಚರು, ಮಳವಳ್ಳಿ. ಎಲ್ಲ ಸೇರಿ ಇನ್ನೂರ ಹತ್ತು ನಿಮಿಷಗಳಿಗೆ ಹತ್ತಿರ ತಡ. ಹಂತಕ್ಕೆ ಐವತ್ತು ನಿಮಿಷದ ಮೇಲೆ. ವಾಪಸು ಇನ್ನೂ ಎರಡು ಹಂತ ಉಳಿದಿವೆ. ಈಗಲೇ ಹೊರಟು ಎಲ್ಲವೂ ಸರಿಯಾಗಿ ಸಿಕ್ಕರೆ ಮಂಡ್ಯಕ್ಕೆ ಆರು ಗಂಟೆ. ಏಳೂವರೆಗೆ ತೊಂಬತ್ತು ನಿಮಿಷವಷ್ಟೇ ಮಿಗುತ್ತದೆ. ಸರಾಸರಿಯ ಪ್ರಕಾರ ಬೇಕಾದದ್ದು ನೂರೈದು!

ಹುಡುಗ ಎದ್ದ. ‘ಸಾರ್, ಈಗಲೇ ಹೊರಟರೂ ಕಷ್ಟ. ನಡೀರಿ, ಆಟೋ ಕರೀತೀನಿ’ ಎಂದ. ಭರಚುಕ್ಕಿಯ ಮಾತು ಮತ್ತೆ ಯಾರೂ ಎತ್ತಲಿಲ್ಲ.

ಕ್ರಾಸಿನಲ್ಲಿ ಕಾದು, ನಿಂತೇ ಪ್ರಯಾಣ ಮಾಡಿ ಮಳವಳ್ಳಿಗೆ ಬಂದಾಗ ಐದು. ಮಂಡ್ಯದ ಬಸ್ಸು ಐದೂ ನಲವತ್ತಕ್ಕೆ. ಮಂಡ್ಯ ತಲುಪಿದಾಗ ಸರಿಯಾಗಿ ಏಳು ಗಂಟೆ. ಎಲ್ಲರೂ ಮನೆಗೆ ಹೋಗಬಹುದಿತ್ತು. ಆದರೆ ಒಬ್ಬರೂ ಕದಲಲಿಲ್ಲ. ಒಂಬತ್ತು ಜನವೂ ಏಳೂವರೆಯ ಬಸ್ಸಿಗಾಗಿ ಸಾಲಾಗಿ ನಿಂತೆವು. ಅದು ಬಂದದ್ದು ಏಳೂ ಐವತ್ತಕ್ಕೆ! ಅವಳು ಕಿಟಕಿಯ ಪಕ್ಕ ಕುಳಿತು ಆ ವೇಳೆಯನ್ನೂ ಬರೆದುಕೊಂಡಳು.

ಆ ನೋಟುಪುಸ್ತಕ ಈಗ ನನ್ನ ಮೇಜಿನ ಮೇಲಿದೆ. ಬೆಳಿಗ್ಗೆ ಏಳೂವರೆಯಿಂದ ಸಂಜೆ ಏಳರವರೆಗೆ ಹನ್ನೊಂದೂವರೆ ಗಂಟೆ. ಅದರಲ್ಲಿ ವಾಹನದ ಪಾಲು ಸುಮಾರು ಐದು ಗಂಟೆ. ನಿಲ್ದಾಣ, ರಸ್ತೆಬದಿಗಳ ಪಾಲು ಐದೂವರೆ ಗಂಟೆ. ಜಲಪಾತಕ್ಕೆ ಸಿಕ್ಕಿದ್ದು ಒಂದೇ ಗಂಟೆ. ಸೋಮವಾರ ‘ಏನು ನೋಡಿದಿರಿ, ಬರೆಯಿರಿ’ ಎಂದಾಗ ಏಳು ಮಕ್ಕಳಲ್ಲಿ ಐವರು ಮೊದಲು ಬರೆದದ್ದು ಆಲೆಮನೆಯ ಬಗ್ಗೆ. ಹಳ್ಳಿಯ ಹುಡುಗಿ ಮನೆಗೆ ತಂದುಕೊಟ್ಟ ಬೆಲ್ಲವನ್ನು ಬಾಯಿಗೆ ಹಾಕಿಕೊಂಡ ಅಜ್ಜಿ ‘ಸುಣ್ಣ ಒಂಚೂರು ಜಾಸ್ತಿ ಆಗೈತೆ’ ಎಂದಿತಂತೆ. ಮುಂದಿನ ಸಲ ಕೊಕ್ಕರೆ ಬೆಳ್ಳೂರಿಗೆ ಹೋಗುವ ಮಾತು ಬಂದಾಗ ಆ ಮನೆಯಿಂದ ಎರಡು ಒಪ್ಪಿಗೆ ಪತ್ರಗಳು ಬಂದವು. ಎರಡನೆಯದು ತಂಗಿಯದು.

ಹೊರಡುವವರಿಗೆ

ಶಿವನಸಮುದ್ರ ನೋಡಲು ಜುಲೈಯಿಂದ ಅಕ್ಟೋಬರ್‌ವರೆಗೆ ಒಳ್ಳೆಯ ಕಾಲ. ಹೊಳೆಯಲ್ಲಿ ನೀರು ಕಡಿಮೆಯಿದ್ದಾಗ ಹೆಚ್ಚಿನ ಭಾಗ ವಿದ್ಯುದಾಗಾರಕ್ಕೆ ತಿರುಗುವುದರಿಂದ ಜಲಪಾತ ಬಡವಾಗುತ್ತದೆ. ಕಟಕಟೆ ದಾಟಿ ಬಂಡೆಗಳ ಮೇಲೆ ಇಳಿಯುವುದು ಬೇಡ. ಪಾಚಿಯ ಮೇಲೆ ಜಾರಿದವರನ್ನು ಯಾವ ಈಜೂ ಕಾಪಾಡದು. ವಿದ್ಯುದಾಗಾರದ ಒಳಗೆ ನೋಡಬೇಕೆಂದರೆ ಮುಂಚಿತವಾಗಿ ಅನುಮತಿ ಪಡೆಯಬೇಕು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವುದು ಚಳಿಗಾಲದಿಂದ ಬೇಸಿಗೆಯವರೆಗೆ. ಅದಕ್ಕೆ ಬೇರೆಯೇ ದಿನ ಇಟ್ಟುಕೊಳ್ಳಿ.

2023ರಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ತೆರೆದ ಮೇಲೆ ನಡುವೆ ನಿಲ್ಲದ ಬಸ್ಸುಗಳು ಬೈಪಾಸಿನಲ್ಲೇ ಹೋಗಿಬಿಡುತ್ತವೆ. ಮದ್ದೂರು, ಮಂಡ್ಯದ ಊರೊಳಗೆ ಬರುತ್ತದೆಯೇ ಎಂದು ಕೇಳಿಯೇ ಹತ್ತಿ. ಅದೇ ವರ್ಷದ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ಖರ್ಚಿಲ್ಲ. ಗುರುತಿನ ಚೀಟಿ ಜೊತೆಗಿರಲಿ.

ಎಲ್ಲಕ್ಕಿಂತ ಮುಖ್ಯವಾಗಿ, ದಿನದ ಯೋಜನೆಯನ್ನು ಬೆಳಗಿನಿಂದ ಹಾಕಬೇಡಿ, ಸಂಜೆಯಿಂದ ಹಾಕಿ. ಗುಂಪಿನಲ್ಲಿ ಅತಿ ದೂರದ ಹಳ್ಳಿಯ ಮಗುವಿನ ಕೊನೆಯ ಬಸ್ಸು ಎಷ್ಟು ಹೊತ್ತಿಗೆ? ಅಲ್ಲಿಂದ ಹಿಂದಕ್ಕೆ ಎಣಿಸುತ್ತಾ, ಪ್ರತಿ ಬಸ್ಸು ಬದಲಾಯಿಸುವಲ್ಲೂ ಮುಕ್ಕಾಲು ಗಂಟೆ ಹೆಚ್ಚಿಗೆ ಇಟ್ಟು, ಉಳಿದ ಹೊತ್ತಿನಲ್ಲಿ ಏನು ಸಿಗುತ್ತದೋ ಅದನ್ನು ನೋಡಿ. ಹಾಗೆ ಮಾಡಿದರೆ ಒಂದು ಜಲಪಾತ ತಪ್ಪಬಹುದು, ಯಾವ ಮಗುವಿನ ಮುಂದಿನ ಪ್ರವಾಸವೂ ತಪ್ಪುವುದಿಲ್ಲ. ಭರಚುಕ್ಕಿ ಎಲ್ಲಿಗೂ ಓಡಿಹೋಗುವುದಿಲ್ಲ.